ಬಂದರಿನ ಹಳೆಯ ಫೋಟೋಗಳು: ಮೊದಲು ಸ್ಕ್ಯಾನ್ ಮಾಡಬೇಕಾ, ಮೊದಲು ಹೆಸರು ಕೇಳಬೇಕಾ?

ಬಂದರುಕೋಣೆ

ಎಲ್ಲರಿಗೂ ನಮಸ್ಕಾರ. ಮೀನುಗಾರಿಕೆ ಬಂದರಿನ ಪಕ್ಕದ ಒಂದು ಪುಟ್ಟ ಮ್ಯೂಸಿಯಂನಲ್ಲಿ ನಾನು ಸ್ವಯಂಸೇವಕಿ. ಇರುವುದು ಎರಡೇ ಕೋಣೆ. ಒಂದರಲ್ಲಿ ಗೋಡೆ ತುಂಬ ಫೋಟೋ. ಇನ್ನೊಂದರಲ್ಲಿ ಕಪಾಟು, ಮೇಜು, ಸ್ಕ್ಯಾನರ್. ದೋಣಿ, ಲಂಗರು ಇಡಲು ಜಾಗವಿಲ್ಲ. ಹಾಗಾಗಿ ಬಂದರಿನ ಕಥೆಯನ್ನೆಲ್ಲ ಫೋಟೋಗಳೇ ಹೇಳಬೇಕು.

ಹೋದ ತಿಂಗಳು ಒಂದು ಮನೆಯವರು ಎರಡು ರಟ್ಟಿನ ಪೆಟ್ಟಿಗೆ ತಂದುಕೊಟ್ಟರು. ಅಜ್ಜನ ಕಾಲದ ಗಾಜಿನ ನೆಗೆಟಿವ್‌ಗಳು, ಪ್ರಿಂಟ್‌ಗಳು, ಎರಡು ಆಲ್ಬಂ. ಅದರಲ್ಲಿ ಒಂದು ಪ್ರಿಂಟ್ ನನ್ನ ಕಣ್ಣಿಂದ ಹೋಗುತ್ತಿಲ್ಲ. ಧಕ್ಕೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತು ಹರಿದ ಬಲೆ ಸರಿಮಾಡುತ್ತಿದ್ದಾಳೆ. ಬಲೆ ಬಿಗಿಯಾಗಿ ನಿಲ್ಲಲಿ ಅಂತ ಅದರ ಒಂದು ಕಣ್ಣನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿದ್ದಾಳೆ. ಎಡಗೈಯಲ್ಲಿ ಬಲೆಯ ಸೂಜಿ, ಬಾಯಲ್ಲಿ ದಾರದ ತುದಿ. ಪಕ್ಕದಲ್ಲಿರುವ ಮಗು ಅಲ್ಲಾಡಿಬಿಟ್ಟಿದೆ, ಮುಖ ಬರೀ ಬಿಳಿ ಮಸುಕು. ಹಿಂದೆ ಒಂದು ದೋಣಿಯ ಮೂತಿ. ಅದರ ನಂಬರಿನಲ್ಲಿ ಕೊನೆಯ ಎರಡು ಅಂಕಿ ಮಾತ್ರ ಕಾಣುತ್ತದೆ, 47. ಫೋಟೋ ತಿರುಗಿಸಿದರೆ ಪೆನ್ಸಿಲ್‌ನಲ್ಲಿ ಒಂದು ಸಾಲು: "ಅಮ್ಮ. ದೊಡ್ಡ ಗಾಳಿಯ ಹಿಂದಿನ ವರ್ಷ."

ಯಾರ ಅಮ್ಮ? ಯಾವ ಗಾಳಿ? ತಂದುಕೊಟ್ಟವರಿಗೂ ಗೊತ್ತಿಲ್ಲ.

ನಮ್ಮ ಸಮಿತಿಯಲ್ಲಿ ಜಾಸ್ತಿ ಜನ ಹೇಳುವುದು, ಎಲ್ಲವನ್ನೂ ಬೇಗ ಸ್ಕ್ಯಾನ್ ಮಾಡಿ ಇಂಟರ್ನೆಟ್‌ಗೆ ಹಾಕಿಬಿಡೋಣ, ಹೆಸರು ಆಮೇಲೆ ನೋಡಿಕೊಳ್ಳೋಣ ಅಂತ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಈ ಮುಖಗಳ ಗುರುತು ಹಿಡಿಯುವವರಿಗೆ ಈಗ 80, 90 ವರ್ಷ. ಸ್ಕ್ಯಾನರ್ ಮುಂದಿನ ವರ್ಷವೂ ಇರುತ್ತದೆ. ಅವರು ಇರುತ್ತಾರಾ? ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಕತ್ತಲೆಕೋಣೆ

ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದಕ್ಕೂ ಮುಂಚೆ ಪೆಟ್ಟಿಗೆ ಮೂಸಿ ನೋಡಿ. ಗಾಜಿನ ಜೊತೆ ಪ್ಲಾಸ್ಟಿಕ್ ಫಿಲ್ಮ್ ನೆಗೆಟಿವ್ ಏನಾದರೂ ಇದ್ದು, ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಫಿಲ್ಮ್ ಹಾಳಾಗುತ್ತಿರುವ ಗುರುತು. ಅದನ್ನು ಉಳಿದವುಗಳಿಂದ ದೂರ ಇಡಿ. ಆ ಆಮ್ಲದ ಹಬೆ ಪಕ್ಕದ ಫಿಲ್ಮ್‌ಗೂ ತಗಲುತ್ತದೆ. ಫಿಲ್ಮ್ ಹಳದಿಯಾಗಿ ಅಂಟಂಟಾಗಿದ್ದರೆ ಇನ್ನೂ ಹುಷಾರು. 1950ರ ದಶಕದ ಶುರುವಿನವರೆಗೂ ನೈಟ್ರೇಟ್ ಫಿಲ್ಮ್ ಬಳಕೆಯಲ್ಲಿತ್ತು. ಅದಕ್ಕೆ ಬೆಂಕಿ ಹತ್ತಿದರೆ ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ, ನೀರು ಸುರಿದರೂ ಆರುವುದಿಲ್ಲ. ಅಂಥದ್ದು ಸಿಕ್ಕರೆ ಸ್ಕ್ಯಾನರ್ ಹತ್ತಿರವೂ ತರಬೇಡಿ, ತಿಳಿದವರನ್ನು ಕರೆಸಿ.

ಗಾಜಿನ ನೆಗೆಟಿವ್‌ಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಕೆಳಗಿನದು ಭಾರಕ್ಕೆ ಬಿರುಕು ಬಿಡುತ್ತದೆ. ಒಂದೊಂದನ್ನೂ ಆಮ್ಲ ಇಲ್ಲದ ಕಾಗದದಲ್ಲಿ ಸುತ್ತಿ, ಉದ್ದದ ಅಂಚಿನ ಮೇಲೆ ನಿಲ್ಲಿಸಿ ಇಡಿ. ಹಿಡಿಯುವಾಗ ಅಂಚು ಮಾತ್ರ ಮುಟ್ಟಿ.

ನಿಮ್ಮ ಕೋಣೆ ಬಂದರಿನ ಪಕ್ಕದಲ್ಲೇ ಇದೆ ಅಂದಿರಿ. ಉಪ್ಪುಗಾಳಿ ಫೋಟೋಗೆ ದೊಡ್ಡ ಶತ್ರು. ಉಪ್ಪು ತೇವ ಎಳೆದುಕೊಳ್ಳುತ್ತದೆ, ತೇವಕ್ಕೆ ಚಿತ್ರ ಹಿಡಿದಿರುವ ಜೆಲಾಟಿನ್ ಪದರ ಮೆತ್ತಗಾಗುತ್ತದೆ, ಮೆತ್ತಗಾದ ಫೋಟೋ ಚೌಕಟ್ಟಿನ ಗಾಜಿಗೇ ಅಂಟಿಕೊಳ್ಳುತ್ತದೆ. ತೇವಾಂಶ 30ರಿಂದ 50 ಶೇಕಡಾ ಒಳಗೆ ನಿಲ್ಲಿಸಲು ನೋಡಿ. ಗೋಡೆಗೆ ಮೂಲ ಫೋಟೋ ಬೇಡವೇ ಬೇಡ, ಪ್ರತಿ ಹಾಕಿ.

ಇನ್ನೊಂದು ಮಾತು. ಆ ಹೆಂಗಸು ನಿಜವಾಗಿ ಎಡಚಿಯಾ? ಗಾಜಿನ ನೆಗೆಟಿವ್ ಅನ್ನು ತಿರುವುಮುರುವಾಗಿ ಇಟ್ಟು ಪ್ರಿಂಟ್ ಹಾಕಿದರೆ ಎಡ ಬಲ ಅದಲುಬದಲಾಗುತ್ತದೆ. ಹಳೆಯ ಪ್ರಿಂಟ್‌ಗಳಲ್ಲಿ ಇಂಥದ್ದು ಬೇಕಾದಷ್ಟು ಸಿಗುತ್ತದೆ. ಶರ್ಟಿನ ಗುಂಡಿ, ಅಂಗಡಿಯ ಬೋರ್ಡು, ದೋಣಿಯ ನಂಬರು ನೋಡಿ ಖಚಿತ ಮಾಡಿಕೊಳ್ಳಬೇಕು.

ಬಂದರುಕೋಣೆ

ಈಗಷ್ಟೇ ಭೂತಗನ್ನಡಿ ಹಿಡಿದು ನೋಡಿದೆ. 47 ಸರಿಯಾಗೇ ಓದಲು ಬರುತ್ತದೆ. ತಿರುಗಿಲ್ಲ. ಹಾಗಾದರೆ ಆಕೆ ಎಡಚಿಯೇ. ವಾಸನೆಯೂ ನೋಡಿದೆ, ವಿನೆಗರ್ ಬಂದಿಲ್ಲ, ಬರೀ ಹಳೆಯ ರಟ್ಟಿನ ವಾಸನೆ. ತುಂಬ ಥ್ಯಾಂಕ್ಸ್.

ದೀಪಸ್ತಂಭ

ನಾನು ನಿಮ್ಮ ಸಮಿತಿಯ ಪರ. ದಯವಿಟ್ಟು ಮೊದಲು ಸ್ಕ್ಯಾನ್ ಮಾಡಿ.

ಯಾಕೆ ಹೇಳುತ್ತೇನೆಂದರೆ, ಬಂದರಿನ ಪಕ್ಕದ ಕಟ್ಟಡಕ್ಕೆ ನೀರು ಯಾವತ್ತು ಬೇಕಾದರೂ ನುಗ್ಗಬಹುದು. 2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಗೆ ಸುನಾಮಿ ಬಡಿದಾಗ, ಅಲ್ಲಿನ ಮೀನುಗಾರರ ಊರುಗಳಲ್ಲಿ ಮನೆಮನೆಯ ಆಲ್ಬಂಗಳು ಕೆಸರಿನಲ್ಲಿ ಸಿಕ್ಕವು. ರಕ್ಷಣೆಗೆ ಹೋದವರು ಅವನ್ನು ಎಸೆಯಲಿಲ್ಲ, ಒಂದು ಕಡೆ ಸೇರಿಸಿದರು. ಸ್ವಯಂಸೇವಕರು ತಿಂಗಳುಗಟ್ಟಲೆ ಕೂತು ಲಕ್ಷಾಂತರ ಫೋಟೋಗಳನ್ನು ಒಂದೊಂದಾಗಿ ತೊಳೆದರು, ಒಣಗಿಸಿದರು. ಮನೆಯವರು ಬಂದು ಹುಡುಕಿಕೊಳ್ಳಲಿ ಅಂತ ಸಾಲಾಗಿ ಜೋಡಿಸಿಟ್ಟರು. ಎಷ್ಟೋ ಮುಖಗಳು ಅಷ್ಟು ಹೊತ್ತಿಗೆ ಕರಗಿಹೋಗಿದ್ದವು. ಬಣ್ಣದ ಪದರವನ್ನು ಸೂಕ್ಷ್ಮಜೀವಿಗಳು ತಿಂದುಬಿಟ್ಟಿದ್ದವು.

ಅಲ್ಲಿ ಪ್ರತಿ ಇದ್ದಿದ್ದರೆ ಅಷ್ಟು ನಷ್ಟ ಆಗುತ್ತಿರಲಿಲ್ಲ, ಅಲ್ವಾ? ಹೆಸರು ಕೇಳಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಕೇಳಲು ಮೊದಲು ಫೋಟೋ ಉಳಿದಿರಬೇಕು.

ಪ್ರಿಂಟ್‌ಗೆ 600 ಡಿಪಿಐ, ಅಂದರೆ ಒಂದು ಅಂಗುಲಕ್ಕೆ 600 ಚುಕ್ಕಿ, ಸಾಕು. ಸಣ್ಣ ಪ್ರಿಂಟ್ ಆದರೆ 1200. ಮೂಲ ಪ್ರತಿಯನ್ನು ಏನೂ ಕಳೆಯದ ಟಿಫ್ ಫೈಲಿನಲ್ಲಿ ಇಡಿ, ತೋರಿಸಲು ಚಿಕ್ಕದಾದ ಜೆಪೆಗ್ ಫೈಲ್ ಮಾಡಿಕೊಳ್ಳಿ. ಮೂರು ಕಡೆ ಪ್ರತಿ ಇರಲಿ, ಅದರಲ್ಲಿ ಒಂದು ಕಟ್ಟಡದಿಂದ ದೂರ ಇರಲಿ. ಮತ್ತೆ, ಹಿಂಬದಿಯನ್ನೂ ಸ್ಕ್ಯಾನ್ ಮಾಡಿ! ನಿಮ್ಮ "ದೊಡ್ಡ ಗಾಳಿ" ಸಾಲು ಇರುವುದು ಹಿಂಬದಿಯಲ್ಲೇ ತಾನೇ.

ಕತ್ತಲೆಕೋಣೆ

ಜಪಾನಿನ ಮಾತು ಬಂದಿದ್ದರಿಂದ ಒಂದು ಸೇರಿಸುತ್ತೇನೆ. ಫೋಟೋ ನೆನೆದರೆ ತಣ್ಣಗಿನ ಶುದ್ಧ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಬೇಕು. ಚಿತ್ರದ ಬದಿ ಉಜ್ಜಬಾರದು. ಮುಖ ಮೇಲೆ ಮಾಡಿ ನೆರಳಲ್ಲಿ ಒಣಗಿಸಬೇಕು. ಒಂದಕ್ಕೊಂದು ಅಂಟಿದ್ದರೆ ಒಣಗುವ ಮುಂಚೆ ನೀರಿನಲ್ಲೇ ಬಿಡಿಸಬೇಕು, ಒಣಗಿದ ಮೇಲೆ ಎಳೆದರೆ ಎರಡೂ ಹೋಗುತ್ತವೆ. ಎರಡು ದಿನದೊಳಗೆ ಮಾಡಲಾಗದಿದ್ದರೆ ಫ್ರೀಜರ್‌ಗೆ ಹಾಕಿ ಕಾಲಾವಕಾಶ ಮಾಡಿಕೊಳ್ಳಿ. ಇದು ಪ್ರಿಂಟ್‌ಗಳಿಗೆ ಮಾತ್ರ. ಗಾಜಿನ ನೆಗೆಟಿವ್ ಅನ್ನು ಫ್ರೀಜರ್‌ಗೆ ಹಾಕಬೇಡಿ.

ಹಾಯಿಬಟ್ಟೆ

ಇಲ್ಲಿ ಎಲ್ಲರೂ ಫೋಟೋ ಉಳಿಸುವ ಮಾತಾಡುತ್ತಿದ್ದೀರಿ. ಫೋಟೋ ಓದುವುದರ ಬಗ್ಗೆ ನಾನು ಸ್ವಲ್ಪ ಹೇಳುತ್ತೇನೆ. ಬಂದರಿನ ಫೋಟೋದಲ್ಲಿ ಗೊತ್ತಿದ್ದವರಿಗೆ ಮಾತ್ರ ಕಾಣುವ ಸಂಗತಿಗಳು ತುಂಬ.

ಸ್ಕಾಟ್ಲೆಂಡಿನ ಹೆರಿಂಗ್ ಮೀನಿನ ಕೆಲಸದ ಹುಡುಗಿಯರ ಫೋಟೋಗಳನ್ನು ನೋಡಿ. ಮೀನಿನ ಹಿಂಡು ಹೋದಂತೆ ಅವರೂ ಹೋಗುತ್ತಿದ್ದರು, ಉತ್ತರದ ಶೆಟ್ಲೆಂಡಿನಿಂದ ಕೆಳಗೆ ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ವರೆಗೆ. ಮೂವರ ತಂಡ. ಇಬ್ಬರು ಕರುಳು ತೆಗೆಯುವವರು, ಒಬ್ಬಳು ಪೀಪಾಯಿಯಲ್ಲಿ ಉಪ್ಪು ಹಾಕಿ ಮೀನು ಜೋಡಿಸುವವಳು. ಎಷ್ಟೋ ಫೋಟೋಗಳಲ್ಲಿ ಅವರ ಬೆರಳುಗಳಿಗೆಲ್ಲ ಬಟ್ಟೆ ಸುತ್ತಿರುತ್ತದೆ. ಗೊತ್ತಿಲ್ಲದವರು "ಗಾಯಗೊಂಡ ಮಹಿಳೆ" ಅಂತ ಶೀರ್ಷಿಕೆ ಬರೆದುಬಿಡುತ್ತಾರೆ. ಅದು ಗಾಯದ ಪಟ್ಟಿ ಅಲ್ಲ. ಚೂರಿ ತಾಗದಿರಲಿ, ಸಣ್ಣ ಗೀರಿಗೂ ಉಪ್ಪು ಇಳಿದು ಉರಿಯದಿರಲಿ ಅಂತ ದಿನಾ ಬೆಳಿಗ್ಗೆ ಕಟ್ಟಿಕೊಳ್ಳುತ್ತಿದ್ದ ಚಿಂದಿ. ಆ ಕೆಲಸ ಮಾಡಿದ ಒಬ್ಬ ಅಜ್ಜಿ ಫೋಟೋ ನೋಡಿದರೆ ಒಂದೇ ಕ್ಷಣದಲ್ಲಿ ಹೇಳುತ್ತಾರೆ. ಯಾವ ಸ್ಕ್ಯಾನರೂ ಹೇಳುವುದಿಲ್ಲ.

ದೋಣಿಯ ನಂಬರ್ ಬಗ್ಗೆ. ಬ್ರಿಟನ್ನಿನಲ್ಲಿ 1868ರ ಕಾಯಿದೆಯ ನಂತರ ಮೀನುಗಾರಿಕೆ ದೋಣಿಗಳಿಗೆ ಬಂದರಿನ ಅಕ್ಷರ ಮತ್ತು ನಂಬರ್ ಬಂತು. ವಿಟ್ಬಿಗೆ ಡಬ್ಲ್ಯೂವೈ, ಲೀತ್‌ಗೆ ಎಲ್‌ಎಚ್, ಹೀಗೆ. ನೋಂದಣಿ ಪುಸ್ತಕ ಉಳಿದಿದ್ದರೆ ನಂಬರಿನಿಂದ ದೋಣಿ, ದೋಣಿಯಿಂದ ಯಜಮಾನ, ಯಜಮಾನನಿಂದ ಮನೆ ಸಿಗುತ್ತದೆ. ನಿಮ್ಮ ಬಂದರಿನ ಹಳೆಯ ನೋಂದಣಿ ಪುಸ್ತಕ ಎಲ್ಲಿದೆ ಅಂತ ವಿಚಾರಿಸಿ. ಎರಡು ಅಂಕಿಯೂ ಸಣ್ಣ ಸುಳಿವಲ್ಲ.

"ದೊಡ್ಡ ಗಾಳಿ"ಯೂ ಅಷ್ಟೇ. ಬಂದರಿನವರು ಕಾಲವನ್ನು ಲೆಕ್ಕ ಹಾಕುವುದೇ ಹಾಗೆ. ಸ್ಕಾಟ್ಲೆಂಡಿನ ಐಮತ್‌ನಲ್ಲಿ 1881ರ ಅಕ್ಟೋಬರ್ 14ರ ಬಿರುಗಾಳಿಗೆ ಆ ಊರು ಮತ್ತು ಅಕ್ಕಪಕ್ಕದ ಊರುಗಳ 189 ಮೀನುಗಾರರು ಸತ್ತರು. ಅಂಥ ಊರಿನಲ್ಲಿ "ಗಾಳಿಯ ಹಿಂದಿನ ವರ್ಷ" ಅಂದರೆ ಇನ್ನೊಂದು ಪ್ರಶ್ನೆಯೇ ಬೇಡ. ನಿಮ್ಮೂರಿನಲ್ಲೂ ಹಾಗೊಂದು ಗಾಳಿ ಬೀಸಿರುತ್ತದೆ. ಹಳೆಯ ಪತ್ರಿಕೆ ನೋಡಿ. ಸಮಾಧಿಗಳ ಮೇಲಿನ ತಾರೀಕು ನೋಡಿ.

ಹೊಸಬ

ಒಂದು ಸಂದೇಹ. ಕಪ್ಪುಬಿಳುಪು ಫೋಟೋಗೆ ಈಗ ಕಂಪ್ಯೂಟರ್ ತಾನೇ ಬಣ್ಣ ಹಚ್ಚುತ್ತದೆ. ಹಾಗೆ ಮಾಡಿ ಗೋಡೆಗೆ ಹಾಕಿದರೆ ಚಿಕ್ಕವರು ಬಂದು ನೋಡುತ್ತಾರೆ ಅನ್ನುವುದು ನನ್ನ ಅನಿಸಿಕೆ. ತಪ್ಪಾ?

ಹಾಯಿಬಟ್ಟೆ

ಚಿಕ್ಕವರು ಬರಲಿ ಅನ್ನುವ ಆಸೆ ಒಳ್ಳೆಯದೇ. ಆದರೆ ಬಂದರಿನ ಹಳೆಯ ಫೋಟೋದಲ್ಲಿ ಆ ಬಣ್ಣ ಸುಳ್ಳು ಹೇಳುತ್ತದೆ. ಹಳೆಯ ಗಾಜಿನ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ನೀಲಿ ಬೆಳ್ಳಗೆ ಬರುತ್ತಿತ್ತು, ಕೆಂಪು ಕಪ್ಪಾಗಿ ಬರುತ್ತಿತ್ತು. ಆಕಾಶ ಖಾಲಿ ಹಾಳೆ ಥರ ಕಾಣುವುದು ಅದಕ್ಕೇ.

ಈಗ ಹಾಯಿ ನೋಡಿ. ಹಾಯಿ, ಬಲೆ ಕೊಳೆಯದಿರಲಿ ಅಂತ ಬ್ರಿಟನ್ನಿನ ಮೀನುಗಾರರು ಅವನ್ನು ಕಾಚಿನ ನೀರಿನಲ್ಲಿ ಕುದಿಸುತ್ತಿದ್ದರು. ಹೌದು, ನಮಗೆ ಗೊತ್ತಿರುವ ಅದೇ ಕಾಚು. ಏಷ್ಯಾದಿಂದ ಹಡಗಿನಲ್ಲಿ ಹೋಗುತ್ತಿತ್ತು. ಅದರಿಂದ ಹಾಯಿಗೆ ಕೆಂಪು ಕಂದು ಬಣ್ಣ ಬರುತ್ತಿತ್ತು. ಫೋಟೋದಲ್ಲಿ ಅದು ಹೆಚ್ಚುಕಡಿಮೆ ಕಪ್ಪು. ಕಂಪ್ಯೂಟರ್ ಅದನ್ನು ಬೂದು ಅನ್ನಬಹುದು, ಕಡುನೀಲಿ ಅನ್ನಬಹುದು. ಬಂದರು ತುಂಬ ಕೆಂಪು ಹಾಯಿ ಇದ್ದ ದಿನ ಆ ಮಕ್ಕಳಿಗೆ ಯಾವತ್ತೂ ಸಿಗುವುದೇ ಇಲ್ಲ.

ಮಕ್ಕಳಿಗೆ ಫೋಟೋವನ್ನು ದೊಡ್ಡದು ಮಾಡಿ ತೋರಿಸಿ. ಗೋಡೆಯಷ್ಟು ದೊಡ್ಡದು. ಹೆಬ್ಬೆರಳಿಗೆ ಸಿಕ್ಕಿಸಿದ ಬಲೆಯ ಕಣ್ಣು ಕಂಡರೆ ಅವರು ಅಲ್ಲೇ ನಿಲ್ಲುತ್ತಾರೆ.

ಹೊಸಬ

ಅರ್ಥವಾಯಿತು. ಕಾಚಿನ ವಿಷಯ ನನಗೆ ಗೊತ್ತೇ ಇರಲಿಲ್ಲ.

ಮರಳುದಾರಿ

ಬಂದರುಕೋಣೆ ಅವರೇ, ನಿಮ್ಮ ಮನಸ್ಸು ಹೇಳುತ್ತಿರುವುದೇ ಸರಿ ಅಂತ ನನಗೆ ಅನಿಸುತ್ತದೆ. ಅದಕ್ಕೊಂದು ಹಳೆಯ ಉದಾಹರಣೆ ಕೊಡುತ್ತೇನೆ.

ಎಡಿನ್‌ಬರೋ ಪಕ್ಕದ ನ್ಯೂಹೇವನ್ ಆಗ ಮೀನುಗಾರರ ಹಳ್ಳಿ. 1843ರಿಂದ 1847ರ ನಡುವೆ ಚಿತ್ರಕಾರ ಡೇವಿಡ್ ಆಕ್ಟೇವಿಯಸ್ ಹಿಲ್, ರಾಬರ್ಟ್ ಆಡಮ್‌ಸನ್ ಇಬ್ಬರೂ ಅಲ್ಲಿ ನೂರಕ್ಕೂ ಹೆಚ್ಚು ಫೋಟೋ ತೆಗೆದರು. ಫೋಟೋಗ್ರಫಿ ಹುಟ್ಟಿ ಇನ್ನೂ ನಾಲ್ಕೈದು ವರ್ಷ ಅಷ್ಟೇ. ನೆಗೆಟಿವ್ ಕಾಗದದ್ದು. ಬಿಸಿಲಿನಲ್ಲಿ ಅಲ್ಲಾಡದೆ ನಿಲ್ಲಬೇಕಿತ್ತು. ಅದಕ್ಕೇ ಆ ಫೋಟೋಗಳಲ್ಲಿ ಜನ ದೋಣಿಗೋ ಗೋಡೆಗೋ ಒಬ್ಬರಿಗೊಬ್ಬರೋ ಒರಗಿಕೊಂಡಿರುತ್ತಾರೆ. ಆಡಮ್‌ಸನ್ 1848ರಲ್ಲಿ ತೀರಿಕೊಂಡಾಗ ಆತನಿಗೆ 26 ವರ್ಷ.

ಅದರಲ್ಲಿ ಒಂದು ಫೋಟೋದಲ್ಲಿ ಒಬ್ಬ ಮೀನುಗಾರ್ತಿ ನೆಲ ನೋಡುತ್ತ ಕೂತಿದ್ದಾಳೆ. ಸುಮಾರು 90 ವರ್ಷದ ನಂತರ, 1931ರಲ್ಲಿ, ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಆ ಫೋಟೋ ಬಗ್ಗೆ ಬರೆದರು. ತೆಗೆದವನ ಕೈಚಳಕ ಎಷ್ಟೇ ಇರಲಿ, ಅದನ್ನು ಮೀರಿದ್ದು ಏನೋ ಅಲ್ಲಿದೆ, ಆ ಬದುಕಿದ್ದ ಹೆಂಗಸಿನ ಹೆಸರೇನು ಅಂತ ಅದು ಕೇಳಿಸಿಯೇ ತೀರುತ್ತದೆ ಅನ್ನುವುದು ಅವರ ಮಾತಿನ ಸಾರ. ನಿಮ್ಮ ಪೆಟ್ಟಿಗೆಯ "ಅಮ್ಮ" ನಿಮ್ಮನ್ನು ಕೇಳುತ್ತಿರುವುದೂ ಅದನ್ನೇ.

ಆ ಮೀನುಗಾರ್ತಿಯ ಹೆಸರು ಉಳಿದಿದೆ. ಎಲಿಜಬೆತ್ ಜಾನ್‌ಸ್ಟನ್ ಹಾಲ್. ಹೆಸರು ಗೊತ್ತಾದ ಮೇಲೆ ಆ ಫೋಟೋ ಮತ್ತೆ ನೋಡಿ. "ನ್ಯೂಹೇವನ್‌ನ ಮೀನುಗಾರ್ತಿ" ಅಂತ ಇದ್ದಾಗ ನೋಡಿದ್ದೇ ಬೇರೆ, ಈಗ ನೋಡುವುದೇ ಬೇರೆ.

ಅಮೆರಿಕದ ಗ್ಲಾಸ್ಟರ್ ಬಂದರಿನಲ್ಲಿ ಚುಕ್ಕಾಣಿ ಹಿಡಿದ ಮೀನುಗಾರನ ಕಂಚಿನ ಪ್ರತಿಮೆ ಇದೆ. ಸಮುದ್ರದಲ್ಲಿ ಸತ್ತ 5,000ಕ್ಕೂ ಹೆಚ್ಚು ಜನರ ಹೆಸರು ಅದರ ಸುತ್ತ ಕೆತ್ತಿದ್ದಾರೆ. ಅಲ್ಲಿ ಹೆಸರು ಇದೆ, ಮುಖ ಇಲ್ಲ. ನಮ್ಮಂಥ ಪುಟ್ಟ ಮ್ಯೂಸಿಯಂಗಳಲ್ಲಿ ಮುಖ ಇದೆ, ಹೆಸರು ಇಲ್ಲ. ಆ ಎರಡನ್ನೂ ಸೇರಿಸುವ ಜನ ಇನ್ನೂ ಬದುಕಿದ್ದಾರೆ ಅನ್ನುವುದು ಎಂಥ ಭಾಗ್ಯ. ತಡ ಮಾಡಬೇಡಿ.

ದೀಪಸ್ತಂಭ

ಮರಳುದಾರಿ ಅವರೇ, ನೀವು ಹೇಳಿದ್ದು ಮನಸ್ಸಿಗೆ ತಾಗಿತು. ಆದರೂ ಒಂದು ಮಾತು. ಇಂಟರ್ನೆಟ್‌ಗೆ ಹಾಕಿದರೆ ಹೆಸರು ಹೇಳುವವರು ಅಲ್ಲೇ ಸಿಗುತ್ತಾರೆ. 2008ರ ಜನವರಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮೂರು ಸಾವಿರಕ್ಕೂ ಹೆಚ್ಚು ಹಳೆಯ ಫೋಟೋಗಳನ್ನು ಫೋಟೋ ಹಂಚಿಕೊಳ್ಳುವ ವೆಬ್‌ಸೈಟ್ ಫ್ಲಿಕರ್‌ಗೆ ಹಾಕಿತು. ಜನರೇ ಜಾಗ, ಹೆಸರು, ಘಟನೆ ಗುರುತಿಸಿ ಬರೆದರು. ಎಷ್ಟೋ ಫೋಟೋಗಳ ದಾಖಲೆಯನ್ನು ಗ್ರಂಥಾಲಯ ಅದನ್ನು ನೋಡಿ ತಿದ್ದಿಕೊಂಡಿತು.

ಮರಳುದಾರಿ

ಅದು ನಿಜ. ಆದರೆ ಅಲ್ಲಿ ಬರೆದವರು ಕಂಪ್ಯೂಟರ್ ಮುಂದೆ ಕೂರುವವರು. ಬಲೆ ಹೆಣೆದ 90ರ ಅಜ್ಜಿ ಫ್ಲಿಕರ್‌ಗೆ ಬರುವುದಿಲ್ಲ. ನಾವೇ ಅವರ ಮನೆಗೆ ಹೋಗಬೇಕು.

ಉಪ್ಪುನೀರು

ನನ್ನದೊಂದು ನೋವು ಹೇಳಿಕೊಳ್ಳುತ್ತೇನೆ. ನಮ್ಮ ತಂದೆ ಸಮುದ್ರದಲ್ಲಿ ಹೋದವರು. ಅವರ ಫೋಟೋ ಒಂದನ್ನು ನಾವೇ ಒಂದು ಸಂಗ್ರಹಕ್ಕೆ ಕೊಟ್ಟಿದ್ದೆವು. ಆಲ್ಬಂ ಹಾಳೆ ಹಳೆಯದಾಯಿತು ಅಂತ ಫೋಟೋಗಳನ್ನು ಕಿತ್ತು ಹೊಸ ಕವರಿಗೆ ಹಾಕಿದರು. ಹಾಳೆಯನ್ನು ಎಸೆದರು. ಅಮ್ಮ ಒಂದೊಂದು ಫೋಟೋದ ಕೆಳಗೂ ಬರೆದಿದ್ದು ಆ ಹಾಳೆಯಲ್ಲಿ! ದೋಣಿಯ ಹೆಸರು, ಜೊತೆಗಿದ್ದ ನಾಲ್ವರ ಹೆಸರು, ಎಲ್ಲ ಹೋಯಿತು. ಆಮೇಲೆ ಒಂದು ದಿನ ಆ ಫೋಟೋ ಇಂಟರ್ನೆಟ್‌ನಲ್ಲಿ ಕಾಣಿಸಿತು. ಕೆಳಗೆ "ಅಪರಿಚಿತ ಮೀನುಗಾರರು" ಅಂತ ಇತ್ತು. ಅಮ್ಮ ಅದನ್ನು ನೋಡಿ ಏನೂ ಮಾತಾಡಲಿಲ್ಲ. ಎದ್ದು ಒಳಗೆ ಹೋದರು.

ಅದಕ್ಕೇ ಕೇಳಿಕೊಳ್ಳುತ್ತೇನೆ. ಆಲ್ಬಂ ಬಿಚ್ಚುವ ಮುಂಚೆ ಒಂದೊಂದು ಪುಟವನ್ನೂ ಇಡಿಯಾಗಿ ಫೋಟೋ ತೆಗೆದುಕೊಳ್ಳಿ. ಯಾರ ಪಕ್ಕ ಯಾರ ಫೋಟೋ ಅಂಟಿಸಿದ್ದಾರೆ ಅನ್ನುವುದರಲ್ಲೂ ಒಂದು ಮನೆಯ ಕಥೆ ಇರುತ್ತದೆ. ಸಮುದ್ರದಲ್ಲಿ ಹೋದವರ ಫೋಟೋ ಹಾಕುವ ಮುಂಚೆ ಮನೆಯವರನ್ನು ಒಂದು ಮಾತು ಕೇಳಿ. ಬೇಡ ಅಂದರೆ ಬಿಟ್ಟುಬಿಡಿ.

ಬಂದರುಕೋಣೆ

ಓದಿ ತುಂಬ ಸಂಕಟವಾಯಿತು. ನಮ್ಮ ಎರಡೂ ಆಲ್ಬಂಗಳನ್ನು ಬಿಚ್ಚುವುದಿಲ್ಲ. ನಾಳೆಯೇ ಪುಟಪುಟವನ್ನೂ ಫೋಟೋ ತೆಗೆಯುತ್ತೇವೆ.

ಮರಳುದಾರಿ

ಹೆಸರು ಸಿಕ್ಕಾಗ ಪ್ರಿಂಟಿನ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ, ಅಂಚಿನ ಬಳಿ, ಒತ್ತದೆ ಬರೆಯಿರಿ. ಬಾಲ್ ಪೆನ್ ಬೇಡ. ಯಾರು ಹೇಳಿದರು, ಯಾವತ್ತು ಹೇಳಿದರು ಅನ್ನುವುದನ್ನು ಪುಸ್ತಕದಲ್ಲಿ ಬರೆದಿಡಿ. ಇಬ್ಬರು ಎರಡು ಹೆಸರು ಹೇಳಿದರೆ ಎರಡನ್ನೂ ಇಟ್ಟುಕೊಳ್ಳಿ.

ವಿಟ್ಬಿ ಬಂದರಿನ ಫೋಟೋಗ್ರಾಫರ್ ಫ್ರ್ಯಾಂಕ್ ಮೆಡೋ ಸಟ್‌ಕ್ಲಿಫ್ ಬದುಕೂ ನನಗೆ ಇಲ್ಲಿ ನೆನಪಾಗುತ್ತದೆ. 1853ರಲ್ಲಿ ಹುಟ್ಟಿ 1941ರವರೆಗೆ ಬದುಕಿದವರು. ಹೊಟ್ಟೆಪಾಡಿಗೆ ಪ್ರವಾಸಿಗರ ಮುಖ ತೆಗೆಯುತ್ತಿದ್ದರು. ಬಿಡುವಾದಾಗ ಬಂದರಿನ ಜನರ ಫೋಟೋ ತೆಗೆದರು. ಸ್ಟುಡಿಯೋ ಬಿಟ್ಟ ಮೇಲೆ ಅದೇ ಊರಿನ ಮ್ಯೂಸಿಯಂನ ಕ್ಯುರೇಟರ್ ಆದರು. ತೆಗೆದವರೇ ಕಾದವರೂ ಆದರು. ಎಲ್ಲ ಬಂದರಿಗೂ ಅಂಥವರು ಸಿಗುವುದಿಲ್ಲ.

ದೀಪಸ್ತಂಭ

ಇನ್ನೊಂದು ವಿಷಯ, ಸಣ್ಣದು. ಇವತ್ತಿನ ಬಂದರಿನ ಫೋಟೋವನ್ನೂ ತೆಗೆದಿಡಿ. ಕೆನಡಾದ ನ್ಯೂಫೌಂಡ್‌ಲೆಂಡಿನಲ್ಲಿ 1992ರ ಜುಲೈ 2ರಂದು ಕಾಡ್ ಮೀನು ಹಿಡಿಯುವುದನ್ನು ಸರ್ಕಾರ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ಹಿಂದಿನ ದಿನ ತೆಗೆದ ಮಾಮೂಲಿ ಫೋಟೋ ಮರುದಿನವೇ ಇತಿಹಾಸ ಆಯಿತು. ಐಸ್ ಡಬ್ಬಿ, ಹರಾಜು ಕೂಗುವವರು, ಡೀಸೆಲ್ ಪಂಪು, ಎಲ್ಲ ಇರಲಿ.

ಬಂದರುಕೋಣೆ

ಎಲ್ಲರಿಗೂ ಒಂದು ಸುದ್ದಿ. ನಿಮ್ಮ ಮಾತುಗಳನ್ನು ಸಮಿತಿಯಲ್ಲಿ ಓದಿ ಹೇಳಿದೆ. ಎರಡನ್ನೂ ಒಟ್ಟಿಗೆ ಮಾಡೋಣ ಅಂತ ಒಪ್ಪಿದರು. ಬೆಳಿಗ್ಗೆ ಒಬ್ಬರು ಸ್ಕ್ಯಾನ್ ಮಾಡುತ್ತಾರೆ. ಮಧ್ಯಾಹ್ನ ಇಬ್ಬರು ಅದರ ದೊಡ್ಡ ಪ್ರತಿ ಹಿಡಿದು ಹಿರಿಯರ ಮನೆಗೆ ಹೋಗುತ್ತಾರೆ. ಮುಖ ಚೆನ್ನಾಗಿ ಕಾಣುವ ಫೋಟೋಗಳಿಗೆ ಮೊದಲ ಸರದಿ.

ನಿನ್ನೆ ನಾನು ಆ ಬಲೆಯ ಫೋಟೋ ತೆಗೆದುಕೊಂಡು ಒಬ್ಬ ಅಜ್ಜಿಯ ಹತ್ತಿರ ಹೋಗಿದ್ದೆ. ಅವರಿಗೆ 91. ಕಣ್ಣು ಸ್ವಲ್ಪ ಮಂಜು. ನಾನು ಏನೂ ಹೇಳಲಿಲ್ಲ, ಮಡಿಲಲ್ಲಿ ಇಟ್ಟೆ ಅಷ್ಟೇ. ಅವರು ಮುಖ ನೋಡಲೇ ಇಲ್ಲ. ಕೈ ನೋಡಿದರು. "ಎಡಗೈ" ಅಂದರು. ಧಕ್ಕೆಯಲ್ಲಿ ಬಲೆ ಸರಿಮಾಡುವ ಹೆಂಗಸರ ಸಾಲಿನಲ್ಲಿ ಎಡಗೈಯವರು ಒಬ್ಬರೇ ಇದ್ದರಂತೆ. ಅವರು ಹಾಕಿದ ಗಂಟು ಉಲ್ಟಾ ಬರುತ್ತಿತ್ತಂತೆ. ಆ ಬಲೆ ಕೈಗೆ ಬಂದಾಗ ಮುಟ್ಟಿದರೇ ಗೊತ್ತಾಗುತ್ತಿತ್ತು ಅಂದರು. ಆಮೇಲೆ ಹೆಸರು ಹೇಳಿದರು. ಮನೆಯ ಹೆಸರು, ಗಂಡನ ದೋಣಿಯ ಹೆಸರು ಕೂಡ.

ಕತ್ತಲೆಕೋಣೆ ಅವರೇ, ನೀವು ಅಂದು 47 ನೋಡಿ ಅನ್ನದೆ ಹೋಗಿದ್ದರೆ ನಾನು ಅವರ ಮಾತನ್ನು ಇಷ್ಟು ಧೈರ್ಯವಾಗಿ ಬರೆದುಕೊಳ್ಳುತ್ತಿರಲಿಲ್ಲ.

ಆ ಮನೆಯವರನ್ನು ಹುಡುಕಿ ಕೇಳುವವರೆಗೆ ಹೆಸರನ್ನು ಎಲ್ಲೂ ಹಾಕುವುದಿಲ್ಲ. ಪುಸ್ತಕದಲ್ಲಿ ಮಾತ್ರ ಬರೆದಿದ್ದೇನೆ, ತಾರೀಕು ಹಾಕಿ. ದೊಡ್ಡ ಗಾಳಿ ಯಾವುದು ಅಂತ ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಸುಕಾದ ಮಗುವಿನ ಮೇಲೆ ಬೆರಳಿಟ್ಟುಕೊಂಡೇ ಇದ್ದರು. ಮುಂದಿನ ವಾರ ಬಾ, ನನ್ನ ತಂಗಿಯೂ ಇರುತ್ತಾಳೆ, ಇಬ್ಬರೂ ಸೇರಿ ಹೇಳುತ್ತೇವೆ ಅಂದರು.